ತಡೆದದ್ದು ಯಾರನ್ನು, ಕಾಯ್ದದ್ದು ಯಾರನ್ನು?

ಪುಣೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ ತಪಕೀರ್ ಗಲ್ಲಿ ಗೊತ್ತಿಲ್ಲದೆ ಇರುವುದಿಲ್ಲ. ರಿಲೇ, ಕೆಪಾಸಿಟರ್, ರಿಬ್ಬನ್ ಕೇಬಲ್, ಹಳೆಯ ಟ್ರಾನ್ಸ್‌ಫಾರ್ಮರ್ ಎಲ್ಲ ಅಲ್ಲಿ ಸಿಗುತ್ತವೆ. 2002ರಲ್ಲಿ ನಾನು ಎಂಟೆಕ್ ಓದುತ್ತಿದ್ದಾಗ ತಿಂಗಳಿಗೆ ಎರಡು ಸಲವಾದರೂ ಅಲ್ಲಿಗೆ ಹೋಗುತ್ತಿದ್ದೆ. ಆ ಗಲ್ಲಿ ಇರುವುದು ಬುಧವಾರ ಪೇಟೆಯಲ್ಲಿ. ಒಂದು ಕಡೆ ದಗಡೂಶೇಠ ಗಣಪತಿ, ಇನ್ನೊಂದು ಕಡೆ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳು, ಇವೆರಡರ ಆಸುಪಾಸಿನಲ್ಲೇ ಪುಣೆಯ ಕೆಂಪು ದೀಪದ ಓಣಿಗಳು. ಹಾಸ್ಟೆಲಿನ ಸೀನಿಯರ್‌ಗಳು ಹೇಳಿಕೊಟ್ಟ ಮೊದಲ ಪಾಠವೇ, ತಲೆ ತಗ್ಗಿಸಿ ಬೇಗ ಬೇಗ ನಡೆ ಎನ್ನುವುದು.

ಒಂದು ಮಧ್ಯಾಹ್ನ ದಾರಿ ತಪ್ಪಿ ಅಂಥ ಒಂದು ಓಣಿಗೆ ಬಂದುಬಿಟ್ಟೆ. ಮೆಟ್ಟಿಲ ಮೇಲೆ ಕೂತ ಇಬ್ಬರು ಹೆಂಗಸರು ತಲೆ ಬಾಚಿಕೊಳ್ಳುತ್ತ ಜಗಳವಾಡುತ್ತಿದ್ದರು. "ನಿನ್ನೆ ತಂದ ಮೆಂತೆ ಪಲ್ಲೆ ಎಲ್ಲಿಟ್ಟೀ? ಎಲ್ಲಾ ಕೊಳತು ಹೋಗಿರತೈತಿ ನೋಡು." ಅದು ಮರಾಠಿಯಲ್ಲ, ನಮ್ಮೂರ ಕನ್ನಡ. ಪುಣೆಗೆ ಬಂದು ವರ್ಷ ಕಳೆದಿದ್ದರೂ ಆ ದನಿಯ ಕನ್ನಡ ಕಿವಿಗೆ ಬಿದ್ದದ್ದು ಅವತ್ತೇ ಮೊದಲು. ಬೇರೆ ಎಲ್ಲಿಯಾದರೂ ಆಗಿದ್ದರೆ ನಿಂತು "ಯಾವೂರ್ರೀ ಅಕ್ಕಾರ?" ಎಂದು ಕೇಳುತ್ತಿದ್ದೆ. ಅವತ್ತು ಇನ್ನಷ್ಟು ಬೇಗ ನಡೆದೆ.

ನನ್ನೂರು ಜಮಖಂಡಿ ಮತ್ತು ಮುಧೋಳದ ನಡುವೆ ಬರುತ್ತದೆ. ನಾಲ್ಕನೇ ಇಯತ್ತೆಯವರೆಗೆ ನಮ್ಮ ಜೊತೆ ಓದಿದ ಹುಡುಗಿಯೊಬ್ಬಳಿದ್ದಳು. ಮಗ್ಗಿ ಒಪ್ಪಿಸುವುದರಲ್ಲಿ ನಮ್ಮೆಲ್ಲರಿಗಿಂತ ಮುಂದು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕರ್ನಾಟಕದ ಕಾನೂನು 1982ರಲ್ಲೇ ಆಗಿತ್ತು. ಹಾಗಿದ್ದರೂ ಅವಳಿಗೆ ಮುತ್ತು ಕಟ್ಟಿದರು. ಊರಿಗೆಲ್ಲ ಗೊತ್ತಿತ್ತು, ಯಾರೂ ಮಾತಾಡಲಿಲ್ಲ. ಕೆಲವು ವರ್ಷಗಳ ಮೇಲೆ ಅವಳು "ಪುಣೆಕ್ಕ ಹೋದ್ಲು" ಎಂದರು. ಅವರ ಮನೆಗೆ ಆರ್‌ಸಿಸಿ ಬಂತು, ಟಿವಿ ಬಂತು. 2003ರ ಯುಗಾದಿಯ ಹೊತ್ತಿಗೆ ಅವಳೇ ಬಂದಳು, ಕಡ್ಡಿಯಾಗಿ. ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಅವಳನ್ನು ಮೂರು ದಿನ ವರಾಂಡದಲ್ಲಿ ಮಲಗಿಸಿದ್ದರಂತೆ. ಯಾರೂ ಮುಟ್ಟಲಿಲ್ಲ, ಸಲೈನ್ ಸೂಜಿ ಚುಚ್ಚುವುದಕ್ಕೂ ಹಿಂದೆಮುಂದೆ ನೋಡಿದರು. ನಾಲ್ಕನೇ ದಿನ ಮನೆಯವರು ಕರೆದುಕೊಂಡು ಬಂದರು. ಕಾರಹುಣ್ಣಿಮೆಗೆ ಮುಂಚೆ ಅವ್ವ ಫೋನಿನಲ್ಲಿ ಹೇಳಿದಳು: "ಆ ಹುಡುಗಿ ಹೋತಪಾ. ದೊಡ್ಡ ಜಡ್ಡು ಆಗಿತ್ತಂತ. ಪುಣೇದಾಗ ಬುಧವಾರ ಪೇಟಿಯೊಳಗ ಇದ್ಲಂತ. ನಿನಗ ಎಂದರ ಕಂಡಿದ್ಲೇನ?"

ಕಂಡಿರಲಿಲ್ಲ. ಕಾಣದಂತೆ ನಡೆಯುವುದನ್ನೇ ಕಲಿತಿದ್ದೆನಲ್ಲ.

ಇಪ್ಪತ್ತು ವರ್ಷಗಳಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುತ್ತಿದ್ದೇನೆ. ಏನಾದರೂ ಕೆಟ್ಟು ನಿಂತಾಗ ಯಾವ ಹೊತ್ತಿಗೆ ಏನು ಗೊತ್ತಿತ್ತು, ಏನು ಕೈಯಲ್ಲಿತ್ತು, ಯಾಕೆ ಮಾಡಲಿಲ್ಲ ಎಂದು ಕೂತು ತಾರೀಖಿನ ಪ್ರಕಾರ ಬರೆಯುವುದು ನಮ್ಮ ರೂಢಿ. ಆ ಹುಡುಗಿಯ ವಿಷಯದಲ್ಲೂ ಹಾಗೆ ಬರೆದು ನೋಡಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. 2003ರಲ್ಲಿ ಏಡ್ಸ್‌ಗೆ ಔಷಧ ಇತ್ತು. ಲೈಂಗಿಕ ವೃತ್ತಿಯ ಹೆಂಗಸರಿಗಾಗಿಯೇ ಸರಕಾರದ ಕಾರ್ಯಕ್ರಮವೂ ಇತ್ತು. ಹಾಗಾದರೆ ಅವಳು ವರಾಂಡದಲ್ಲಿ ಮಲಗಿದ್ದು ಹೇಗೆ?

ಉತ್ತರ ಹುಡುಕುತ್ತ ಹೋದರೆ ಅದು 1868ಕ್ಕೆ ಹೋಗಿ ನಿಲ್ಲುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದದ್ದು ಆ ವರ್ಷ. ಹೆಸರು ಕೇಳಿದರೆ ಕಾಲರಾ, ಪ್ಲೇಗು ನೆನಪಾಗುತ್ತವೆ. ಅದು ಇದ್ದದ್ದು ಮಾತ್ರ ಗುಹ್ಯರೋಗಗಳಿಗಾಗಿ, ಅದರಲ್ಲೂ ಮುಖ್ಯವಾಗಿ ದಂಡಿನ ಗೋರಾ ಸೋಲ್ಜರುಗಳನ್ನು ಆ ರೋಗಗಳಿಂದ ಕಾಯಲು. ವೃತ್ತಿಯ ಹೆಂಗಸರು ಪೊಲೀಸರಲ್ಲಿ ಹೆಸರು ಬರೆಸಬೇಕು, ಆಗಾಗ ಮೈ ಪರೀಕ್ಷೆಗೆ ಬರಬೇಕು, ರೋಗ ಕಂಡರೆ 'ಲಾಕ್ ಹಾಸ್ಪಿಟಲ್' ಎಂಬ ಬೀಗದ ಆಸ್ಪತ್ರೆಯಲ್ಲಿ ಇರಬೇಕು. ಇಂಥ ಆಸ್ಪತ್ರೆಗಳು ಕಾಯಿದೆಗೂ ಮೊದಲಿನಿಂದ ದಂಡುಪ್ರದೇಶಗಳಲ್ಲಿದ್ದವು, ಬೆಂಗಳೂರಿನ ದಂಡಿನಲ್ಲೂ ಇತ್ತು. ಸೋಲ್ಜರುಗಳಿಗೆ ಈ ಹೆಸರು ಬರೆಸುವ, ಬೀಗ ಹಾಕುವ ಏರ್ಪಾಡಿರಲಿಲ್ಲ. ಹೆಂಗಸರು ತಪ್ಪಿಸಿಕೊಂಡರು, ಊರು ಬಿಟ್ಟರು, ಲಂಚ ಕೊಟ್ಟರು. ರೋಗವೇನೂ ಇಳಿಯಲಿಲ್ಲ. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಹೋರಾಡಿದ ಮೇಲೆ ಅಲ್ಲಿ 1886ರಲ್ಲಿ, ಇಲ್ಲಿ 1888ರಲ್ಲಿ ಕಾಯಿದೆ ರದ್ದಾಯಿತು. ಅದರ ಲೆಕ್ಕಾಚಾರ ಮಾತ್ರ ಉಳಿದುಕೊಂಡಿತು: ರೋಗ ಇರುವುದು ಅವಳಲ್ಲಿ, ಕಾಯಬೇಕಾದದ್ದು ಅವನನ್ನು.

ಸುಮಾರು ನೂರು ವರ್ಷ ದಾಟಿ ಮದ್ರಾಸಿಗೆ ಬರೋಣ. 1985ರ ಕೊನೆ. ಏಡ್ಸ್ ಅಮೆರಿಕದ ರೋಗ, ನಮ್ಮ ದೇಶದ ಸಂಸ್ಕೃತಿಗೆ ಅದು ಬರುವುದಿಲ್ಲ ಎಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ. ಮದ್ರಾಸ್ ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿ ತಜ್ಞೆ ಡಾ. ಸುನೀತಿ ಸಾಲೋಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾಗೆ ಇದನ್ನೇ ಪ್ರಬಂಧದ ವಿಷಯವಾಗಿ ತೆಗೆದುಕೊಳ್ಳಲು ಹೇಳಿದರು. ಮುಂಬಯಿಯಂತೆ ಮದ್ರಾಸಿನಲ್ಲಿ ಗೊತ್ತಾದ ಕೆಂಪು ದೀಪದ ಓಣಿ ಇರಲಿಲ್ಲ. ವಿಚಾರಿಸುತ್ತ ಹೋದ ನಿರ್ಮಲಾ ಸಿಕ್ಕಿಬಿದ್ದ ಹೆಂಗಸರನ್ನು ಇಡುವ ಸರಕಾರಿ ವಿಜಿಲೆನ್ಸ್ ಹೋಮ್ ತಲುಪಿದರು. ದಿನಾ ಗಂಡನ ಸ್ಕೂಟರಿನ ಹಿಂದೆ ಕೂತು ಹೋಗಿ ರಕ್ತ ತಂದರು. ಕೈಗವಸು ಇಲ್ಲ, ಸರಿಯಾದ ಸಲಕರಣೆ ಇಲ್ಲ, ಮಾದರಿಗಳನ್ನು ಮನೆಯ ಫ್ರಿಜ್ಜಿನಲ್ಲಿ ಇಟ್ಟರು. 1986ರ ಫೆಬ್ರವರಿಯಲ್ಲಿ ಗಂಡ ಹೆಂಡತಿ ಐಸ್ ಪೆಟ್ಟಿಗೆ ಹಿಡಿದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ರೈಲು ಹತ್ತಿದರು. ಆರು ಮಾದರಿಗಳಲ್ಲಿ ಎಚ್‌ಐವಿ ಕಂಡಿತು.

ಭಾರತದ ಏಡ್ಸ್ ಚರಿತ್ರೆ ಹೀಗೆ ಶುರುವಾಗುತ್ತದೆ. ಆ ವಿದ್ಯಾರ್ಥಿನಿಯ ಧೈರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಸುನೀತಿ ಸಾಲೋಮನ್ ಮುಂದೆ ರೋಗಿಗಳ ಆರೈಕೆಗಾಗಿಯೇ ವೈಆರ್‌ಜಿ ಕೇರ್ ಕಟ್ಟಿ, 2015ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸದಲ್ಲಿದ್ದರು. ಆದರೆ ಈ ಕಥೆಯನ್ನು ಓದುವಾಗಲೆಲ್ಲ ನನಗೆ ಒಂದು ವಿಷಯ ಚುಚ್ಚುತ್ತದೆ. ಪ್ರೊಫೆಸರರಿಗೆ ಹೆಸರಿದೆ, ವಿದ್ಯಾರ್ಥಿನಿಗೆ ಹೆಸರಿದೆ, ಸ್ಕೂಟರ್ ಓಡಿಸಿದ ಗಂಡನಿಗೂ ಹೆಸರಿದೆ. ಆ ಆರು ಜನರಿಗಿಲ್ಲ. ಗುಟ್ಟು ಕಾಯಲು ಹೆಸರು ಬಿಟ್ಟದ್ದು ಸರಿಯೇ. ಕಥೆಯಿಂದಲೂ ಅವರನ್ನು ಬಿಟ್ಟದ್ದು ಹೇಗೆ? ಅವರ ರಕ್ತ ವೆಲ್ಲೂರಿಗೆ ಹೋಯಿತು, ಅಮೆರಿಕಕ್ಕೆ ಹೋಯಿತು, ಸುದ್ದಿ ಪಾರ್ಲಿಮೆಂಟಿಗೂ ಹೋಯಿತು. ಅವರು ಮಾತ್ರ ಆರು ಎಂಬ ಅಂಕೆಯಾಗಿ ಉಳಿದರು.

ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ನಡೆದದ್ದನ್ನು ಓದಿದರೆ 1868ರ ಕಾಯಿದೆ ರದ್ದಾಗಿತ್ತೇ ಎಂದು ಸಂಶಯ ಬರುತ್ತದೆ. ಎಚ್‌ಐವಿ ಇದೆ ಎಂದು ಗೊತ್ತಾದ ಹೆಂಗಸರನ್ನು ಶಿಕ್ಷೆಯ ಅವಧಿ ಮುಗಿದ ಮೇಲೂ ತಮಿಳುನಾಡಿನಲ್ಲಿ ಹೋಮುಗಳಲ್ಲೇ ಕೂಡಿಹಾಕಿದ್ದರು. ಪತ್ರಕರ್ತೆ ಶ್ಯಾಮಲಾ ನಟರಾಜ್ ಇದನ್ನು ಪತ್ತೆ ಮಾಡಿ ಮದ್ರಾಸ್ ಹೈಕೋರ್ಟಿಗೆ ಹೋದರು. 1990ರಲ್ಲಿ ಅವರ ಬಿಡುಗಡೆಯಾಯಿತು. ಅದೇ ವರ್ಷ ಮುಂಬಯಿಯ ಕೋಠಿಗಳಲ್ಲಿದ್ದ ನೂರಾರು ತಮಿಳು ಹೆಂಗಸರನ್ನು 'ಮುಕ್ತಿ ಎಕ್ಸ್‌ಪ್ರೆಸ್' ಎಂದು ಕರೆದ ವಿಶೇಷ ರೈಲಿನಲ್ಲಿ ಮದ್ರಾಸಿಗೆ ಸಾಗಿಸಿದರು. ಮುಕ್ತಿಯ ರೈಲು ಇಳಿದವರಿಗೆ ಮೊದಲು ಆದದ್ದು ರಕ್ತಪರೀಕ್ಷೆ. ಸೋಂಕು ಕಂಡವರಿಗೆ ಸಿಕ್ಕಿದ್ದು ಇನ್ನೊಂದು ಬೀಗ. ಮುಂಬಯಿಯ ಓದುಗರಲ್ಲಿ ಹಿರಿಯರಿಗೆ 1996ರ ಫೆಬ್ರವರಿಯ ಕಾಮಾಠಿಪುರದ ದಾಳಿಗಳೂ ನೆನಪಿರಬಹುದು. ಚಿಕ್ಕ ಹುಡುಗಿಯರನ್ನು ಬಿಡಿಸಬೇಕೆಂಬ ಉದ್ದೇಶವೇನೋ ಒಳ್ಳೆಯದೇ. ಬಿಡಿಸಿ ತಂದ ಮೇಲೆ ಅವರ ಕಾಯಿಲೆಗೆ ಏನು, ಅವರನ್ನು ಎಲ್ಲಿಗೆ ಕಳಿಸುವುದು ಎಂಬುದಕ್ಕೆ ಯಾರಲ್ಲೂ ಯೋಜನೆ ಇರಲಿಲ್ಲ.

ಈ ನಡುವೆ, 1992ರಲ್ಲಿ, ವಿಶ್ವಬ್ಯಾಂಕಿನ ಸಾಲದೊಂದಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಎಂದರೆ ನ್ಯಾಕೋ, ಆರಂಭವಾಯಿತು. ಅದೇ ವರ್ಷ ಕಲ್ಕತ್ತಾದ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜನಾ ಎಂಬ ವೈದ್ಯರು ಬೇರೆ ರೀತಿಯಲ್ಲಿ ಕೆಲಸ ಶುರು ಮಾಡಿದರು. ಕಾಂಡೋಮ್ ಹಂಚಲು, ಮಾತಾಡಲು, ಕ್ಲಿನಿಕ್ಕಿಗೆ ಕರೆತರಲು ಆ ಓಣಿಯ ಹೆಂಗಸರನ್ನೇ ತೆಗೆದುಕೊಂಡರು. 1995ರಲ್ಲಿ ಅವರು ತಮ್ಮದೇ ಸಂಘಟನೆ ದುರ್ಬಾರ್ ಕಟ್ಟಿದರು, ಸಾಹುಕಾರರ ಬಡ್ಡಿಯಿಂದ ತಪ್ಪಿಸಿಕೊಳ್ಳಲು ಉಷಾ ಎಂಬ ಸಹಕಾರಿ ಸಂಘ ಕಟ್ಟಿದರು. ಕಾಂಡೋಮಿಗೂ ಬಡ್ಡಿಗೂ ಏನು ಸಂಬಂಧ ಎಂದು ಕೇಳಬಹುದು. ನಾಳೆ ಬೆಳಿಗ್ಗೆ ಬಡ್ಡಿ ಕಟ್ಟಬೇಕಾದವಳು, ಕಾಂಡೋಮ್ ಬೇಡ ಎಂದು ಹೆಚ್ಚು ಹಣ ಕೊಡುವ ಗಿರಾಕಿಯನ್ನು ವಾಪಸ್ ಕಳಿಸಲಾರಳು. ಅಷ್ಟೇ ಸಂಬಂಧ. ಇದು ಯಾವ ತಜ್ಞನ ವರದಿಯಲ್ಲಿ ಹೊಳೆಯಬೇಕಾದ್ದಲ್ಲ, ಆ ಹೆಂಗಸರನ್ನು ಕೇಳಿದರೆ ಮೊದಲ ದಿನವೇ ಹೇಳುತ್ತಿದ್ದರು.

ನಮಗೆ ಇನ್ನೂ ಹತ್ತಿರದ್ದು ಸಾಂಗಲಿ. 1992ರಿಂದ ಅಲ್ಲಿ ಸಂಗ್ರಾಮ್ ಎಂಬ ಸಂಸ್ಥೆ ಮೀನಾ ಶೇಷು ಅವರ ನೇತೃತ್ವದಲ್ಲಿ ಕೆಲಸ ಮಾಡುತ್ತಿದೆ. 1996ರಲ್ಲಿ ಅಲ್ಲಿನ ಹೆಂಗಸರು ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಕಟ್ಟಿಕೊಂಡರು. ಬೈಗುಳವಾಗಿದ್ದ ಮಾತನ್ನೇ ಎದೆಗೆ ಹಾಕಿಕೊಂಡ ಹೆಸರು. ಸಾಂಗಲಿಯ ಆ ವಸತಿಗಳಲ್ಲಿ ಕನ್ನಡ ಕೇಳುವುದು ಸಾಮಾನ್ಯ. ಬೆಳಗಾವಿ, ಬಿಜಾಪುರ, ಬಾಗಲಕೋಟೆಯ ಹಳ್ಳಿಗಳಿಂದ ಸಾಂಗಲಿ, ಮಿರಜ, ಪುಣೆ, ಮುಂಬಯಿಗೆ ಹೋಗುವ ದಾರಿ ನಮಗೆಲ್ಲ ಗೊತ್ತಿರುವುದೇ. ಕಬ್ಬು ಕಡಿಯಲು ಹೋದವರು, ಗಿರಣಿಗೆ ಹೋದವರು, ನಮ್ಮಂತೆ ಡಿಗ್ರಿ ಹಿಡಿದು ಹೋದವರು, ಮುತ್ತು ಕಟ್ಟಿಸಿಕೊಂಡು ಹೋದವರು ಎಲ್ಲರೂ ಹತ್ತಿದ್ದು ಅದೇ ಬಸ್ಸು, ಅದೇ ಮೀಟರ್ ಗೇಜ್ ರೈಲು. ಹೊರನಾಡ ಕನ್ನಡಿಗರ ಚರಿತ್ರೆ ಎಂದು ನಾವು ಬರೆದುಕೊಳ್ಳುವಾಗ ಸಂಘ, ಶಾಲೆ, ನಾಟಕ, ಹೋಟೆಲು ಎಲ್ಲ ಬರುತ್ತವೆ. ಕಾಮಾಠಿಪುರದ, ಬುಧವಾರ ಪೇಟೆಯ ಕನ್ನಡತಿಯರು ಬರುವುದಿಲ್ಲ.

1999ರಲ್ಲಿ ಏಡ್ಸ್ ಕಾರ್ಯಕ್ರಮದ ಎರಡನೇ ಹಂತ ಶುರುವಾಯಿತು. ಅದರ ದಾಖಲೆಗಳ ಭಾಷೆಯನ್ನು ಒಂದು ನಿಮಿಷ ನೋಡಬೇಕು. ಲೈಂಗಿಕ ವೃತ್ತಿಯವರು 'ಕೋರ್ ಗ್ರೂಪ್'. ಲಾರಿ ಚಾಲಕರು, ವಲಸೆ ಕಾರ್ಮಿಕರು 'ಬ್ರಿಡ್ಜ್ ಪಾಪ್ಯುಲೇಷನ್', ಎಂದರೆ ಸೇತುವೆ. ಮಿಕ್ಕವರು 'ಜನರಲ್ ಪಾಪ್ಯುಲೇಷನ್', ಸಾಮಾನ್ಯ ಜನ. ರೋಗ ಆ ದಡದಿಂದ ಸೇತುವೆ ದಾಟಿ ಈ ದಡಕ್ಕೆ ಬರುತ್ತದೆ, ಆದ್ದರಿಂದ ಆ ದಡದಲ್ಲೇ ತಡೆಯಬೇಕು. ಸಾಂಕ್ರಾಮಿಕ ರೋಗಶಾಸ್ತ್ರದ ಲೆಕ್ಕದಲ್ಲಿ ಇದು ತಪ್ಪಲ್ಲ. ಕಡಿಮೆ ಹಣದಲ್ಲಿ ಹೆಚ್ಚು ಸೋಂಕು ತಡೆಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ನಾನೇ ಆ ಪ್ರಾಜೆಕ್ಟಿನ ಮ್ಯಾನೇಜರ್ ಆಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಆದರೆ ಈ ನಕ್ಷೆಯಲ್ಲಿ ಒಂದು ಪ್ರಶ್ನೆಗೆ ಜಾಗವಿಲ್ಲ: ಆ ದಡದಲ್ಲಿ ಆಗಲೇ ಸೋಂಕು ತಗುಲಿದವಳಿಗೆ ಏನು? ಅವಳಿಗೆ ಕಾಂಡೋಮ್ ಕೊಡುತ್ತಿದ್ದರು, ಗುಹ್ಯರೋಗದ ಗುಳಿಗೆ ಕೊಡುತ್ತಿದ್ದರು, ರಕ್ತ ತೆಗೆದುಕೊಳ್ಳುತ್ತಿದ್ದರು. ಏಡ್ಸಿನ ಔಷಧ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

ಔಷಧ ಎಲ್ಲಿತ್ತು? ಇದೊಂದು ವಿಚಿತ್ರ. 2001ರ ಫೆಬ್ರವರಿಯಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ, ಎಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ, ಕೊಡುತ್ತೇನೆ ಎಂದು ಗಡಿರಹಿತ ವೈದ್ಯರ ಸಂಸ್ಥೆಗೆ ಹೇಳಿ ಜಗತ್ತನ್ನೇ ಬೆಚ್ಚಿಬೀಳಿಸಿದರು. ಅಲ್ಲಿಯವರೆಗೆ ಪೇಟೆಂಟ್ ಕಂಪನಿಗಳ ಬೆಲೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟಿತ್ತು. ಆಫ್ರಿಕಾದಲ್ಲಿ ಲಕ್ಷಾಂತರ ಜೀವ ಉಳಿದದ್ದರಲ್ಲಿ ಭಾರತದ ಗುಳಿಗೆಗಳ ಪಾಲು ದೊಡ್ಡದು. ಸಿಪ್ಲಾದ ಮುಖ್ಯ ಕಚೇರಿ ಆಗ ಇದ್ದದ್ದು ಮುಂಬಯಿ ಸೆಂಟ್ರಲ್‌ನ ಬೆಲ್ಲಾಸಿಸ್ ರಸ್ತೆಯಲ್ಲಿ. ಆ ರಸ್ತೆಯ ಬದಿಗೇ ಕಾಮಾಠಿಪುರ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಜೆ. ಜೆ. ಆಸ್ಪತ್ರೆ. ಮೂರಕ್ಕೂ ಪಿನ್ ಕೋಡ್ ಒಂದೇ, 400008. ಔಷಧ ಮಾಡುವವರು, ರೋಗಿಗಳು, ಸರಕಾರಿ ಆಸ್ಪತ್ರೆ ಮೂವರೂ ಒಬ್ಬನೇ ಪೋಸ್ಟ್‌ಮ್ಯಾನ್ ಸುತ್ತಬಹುದಾದ ಜಾಗದಲ್ಲಿದ್ದರು. ಅಲ್ಲಿಂದ ಇಲ್ಲಿಗೆ ಗುಳಿಗೆ ಬರಲು ಇನ್ನೂ ಮೂರು ವರ್ಷ ಬೇಕಾಯಿತು.

ಸರಕಾರ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿದ್ದು 2004ರ ಏಪ್ರಿಲ್ 1ರಂದು, ಇಡೀ ದೇಶದಲ್ಲಿ ಎಂಟು ಆಸ್ಪತ್ರೆಗಳಲ್ಲಿ. ಮುಂಬಯಿಯಲ್ಲಿ ಜೆ. ಜೆ., ಮದ್ರಾಸಿನ ಹತ್ತಿರ ತಾಂಬರಂ, ನಮ್ಮ ರಾಜ್ಯಕ್ಕೆ ಬೆಂಗಳೂರು. ಆಗ ಯಾರಿಗೆ ಮೊದಲು ಎಂಬ ಕ್ರಮವೂ ಇತ್ತು. ಹೆರಿಗೆಯ ಸಮಯದಲ್ಲಿ ಸೋಂಕು ತಡೆಯುವ ಕಾರ್ಯಕ್ರಮಕ್ಕೆ ಬಂದ ತಾಯಂದಿರು, 15 ವರ್ಷದೊಳಗಿನ ಮಕ್ಕಳು, ಸರಕಾರಿ ಆಸ್ಪತ್ರೆಗೆ ಬಂದ ಏಡ್ಸ್ ರೋಗಿಗಳು. ತಾಯಿಗೂ ಮಗುವಿಗೂ ಮೊದಲು ಕೊಡುವುದನ್ನು ಯಾರು ಬೇಡವೆಂದಾರು? ಆದರೆ ತಡೆಗಟ್ಟುವ ಪಟ್ಟಿಯಲ್ಲಿ ಮೊದಲ ಹೆಸರಾಗಿದ್ದವಳು ಚಿಕಿತ್ಸೆಯ ಪಟ್ಟಿಯಲ್ಲಿ ಹೆಸರಾಗಿ ಇರಲೇ ಇಲ್ಲ. ಅವಳು ಬರಬೇಕಾದದ್ದು ಮೂರನೇ ಬಾಗಿಲಿನಿಂದ, ಆಸ್ಪತ್ರೆಗೆ ಬಂದ ರೋಗಿಯಾಗಿ. ಆ ಬಾಗಿಲಲ್ಲಿ ಏನಾಗುತ್ತಿತ್ತು ಎನ್ನುವುದನ್ನು ವರಾಂಡದ ಮೂರು ದಿನ ಹೇಳುತ್ತವೆ. ನಮ್ಮ ಕಡೆಯಿಂದ ಬೆಂಗಳೂರಿಗೆ ಒಂದು ರಾತ್ರಿಯ ಬಸ್ಸು ಬೇರೆ. ಚಿಕಿತ್ಸೆ ಶುರುವಾಗುವ ಹೊತ್ತಿಗೆ ಅವಳು ಸತ್ತು ಹತ್ತು ತಿಂಗಳಾಗಿತ್ತು.

ಅವಳೊಬ್ಬಳೇ ಅಲ್ಲ. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ನಡುವೆಯೇ ನಡೆದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಎಚ್‌ಐವಿ ಕಂಡಿತು. ದೇಶದ ಸರಾಸರಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಇದ್ದಾಗಿನ ಮಾತು. ಬೆಳಗಾವಿ ಜಿಲ್ಲೆಯ ಲೈಂಗಿಕ ವೃತ್ತಿಯ ಹೆಂಗಸರಲ್ಲಿ 2005-06ರ ಹೊತ್ತಿಗೆ ಅದು ಮೂವರಲ್ಲಿ ಒಬ್ಬರಿಗಿತ್ತು. ಬೀದಿ ಬೀದಿಯಲ್ಲಿ ಕ್ಷಯ, ಭೇದಿ ಎಂದು ಹೇಳಿ ಮುಚ್ಚಿಟ್ಟ ಸಾವುಗಳ ಲೆಕ್ಕ ನಮ್ಮ ಊರುಗಳಿಗೆ ಗೊತ್ತು.

ಇಷ್ಟು ಹೊತ್ತು ಬರೀ ಕತ್ತಲೆಯನ್ನೇ ಹೇಳಿದೆ. ಮೈಸೂರಿನದು ಬೇರೆ ಕಥೆ, ನಮ್ಮದೇ ರಾಜ್ಯದ್ದು, ಅಷ್ಟಾಗಿ ನಾವು ಹೇಳಿಕೊಳ್ಳದ್ದು.

ಬಿಲ್ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಯೋಜನೆ 2003ರ ಕೊನೆಗೆ ಆರು ರಾಜ್ಯಗಳಲ್ಲಿ ಕೆಲಸ ಆರಂಭಿಸಿತು. ಅದರ ಮುಖ್ಯಸ್ಥ ಅಶೋಕ್ ಅಲೆಕ್ಸಾಂಡರ್ ಮ್ಯಾಕಿನ್ಸಿ ಕಂಪನಿಯಿಂದ ಬಂದವರು. ಹಾಗಾಗಿ ನಮ್ಮ ಕಚೇರಿಗಳಲ್ಲಿ ಕಾಣುವ ಟಾರ್ಗೆಟ್, ಡ್ಯಾಶ್‌ಬೋರ್ಡ್, ವಾರದ ಪರಿಶೀಲನೆ ಎಲ್ಲ ಅಲ್ಲಿಗೂ ಹೋದವು. ಅದರಲ್ಲಿ ನನಗೆ ತುಂಬ ಮೆಚ್ಚುಗೆಯಾದ ಒಂದು ವಸ್ತುವಿದೆ. ಪೀರ್ ಎಜುಕೇಟರ್ ಆಗಿದ್ದ ಎಷ್ಟೋ ಹೆಂಗಸರಿಗೆ ಓದು ಬರಹ ಬರುತ್ತಿರಲಿಲ್ಲ. ಅವರಿಗಾಗಿ ಚಿತ್ರಗಳ ಹಾಳೆ ಮಾಡಿದರು. ತನ್ನ ಗುಂಪಿನ ಯಾರಿಗೆ ಎಷ್ಟು ಗಿರಾಕಿಗಳು, ಯಾರಿಗೆ ಎಷ್ಟು ಕಾಂಡೋಮ್ ಬೇಕು, ಯಾರ ಮೇಲೆ ಈ ವಾರ ಹಲ್ಲೆಯಾಯಿತು, ಯಾರು ಕ್ಲಿನಿಕ್ಕಿಗೆ ಬರಲಿಲ್ಲ ಎಂಬುದನ್ನೆಲ್ಲ ಗುರುತು ಹಾಕಿ ತಾನೇ ತನ್ನ ವಾರದ ಕೆಲಸವನ್ನು ಗೊತ್ತುಮಾಡುವುದು. ಕೋಟಿಗಟ್ಟಲೆ ಸಾಫ್ಟ್‌ವೇರ್ ಕೊಂಡು ನಾವು ಮಾಡುವ ಪ್ಲಾನಿಂಗ್ ಇದಕ್ಕಿಂತ ಚೆನ್ನಾಗಿರುತ್ತದೆ ಎಂದು ಎದೆ ಮುಟ್ಟಿ ಹೇಳಲಾರೆ.

ಮೈಸೂರಿನಲ್ಲಿ 2004ರಲ್ಲಿ ಕೆಲಸ ಶುರುವಾದಾಗ ಡಾ. ಸುಶೇನಾ ರೆಜಾ-ಪಾಲ್ ಮತ್ತು ತಂಡದ ಮುಂದಿದ್ದದ್ದು ಕೋಠಿಗಳ ಊರಲ್ಲ. ಅಲ್ಲಿ ಹೆಚ್ಚಿನವರು ಬೀದಿಯಲ್ಲಿ, ಬಸ್ ನಿಲ್ದಾಣದ ಸುತ್ತ, ಲಾಡ್ಜುಗಳಲ್ಲಿ ಕೆಲಸ ಮಾಡುವವರು. ನಿಮಗೆ ಏನು ಬೇಕು ಎಂದು ಕೇಳಿದರೆ ಹೆಂಗಸರು ಮೊದಲು ಕೇಳಿದ್ದು ಕಾಂಡೋಮ್ ಅಲ್ಲ. ಪೊಲೀಸರ ಮತ್ತು ಪುಂಡರ ಹೊಡೆತದಿಂದ ಬಿಡುಗಡೆ, ಮಧ್ಯಾಹ್ನ ಒಂದು ಗಂಟೆ ಮಲಗಲು ಜಾಗ, ಸ್ನಾನಕ್ಕೆ ನೀರು. ಹಾಗಾಗಿ ಮೊದಲು ಆದದ್ದು ಬಂದು ಕೂರುವ, ಮಲಗುವ ಒಂದು ಜಾಗ. ಹಲ್ಲೆಯಾದರೆ, ಪೊಲೀಸರು ಹಿಡಿದರೆ ಕೂಡಲೇ ಓಡಿಹೋಗುವ ತಮ್ಮದೇ ಗುಂಪು. ಆಮೇಲೆ ಕ್ಲಿನಿಕ್. ಎಲ್ಲಿ ಯಾರಿದ್ದಾರೆ ಎಂಬ ಊರಿನ ನಕ್ಷೆ ಮಾಡಿದ್ದೂ ಅವರೇ. 2005ರ ಕೊನೆಗೆ ಅವರದೇ ಸಂಘ ನಿಂತಿತು, ಆಶೋದಯ ಸಮಿತಿ.

2004ರಲ್ಲಿ ಮೈಸೂರಿನ ಈ ಹೆಂಗಸರಲ್ಲಿ ನೂರಕ್ಕೆ 26 ಜನರಿಗೆ ಎಚ್‌ಐವಿ, 25 ಜನರಿಗೆ ಸಿಫಿಲಿಸ್ ಇತ್ತು. ಎರಡೂವರೆ ವರ್ಷದೊಳಗೆ ಸಿಫಿಲಿಸ್ 12ಕ್ಕೆ ಇಳಿಯಿತು. ಕಾಂಡೋಮ್ ಬಳಕೆ ಹೆಚ್ಚಿತು. ಎಚ್‌ಐವಿ ಹಾಗೆ ತಟ್ಟನೆ ಇಳಿಯುವ ಅಂಕಿಯಲ್ಲ, ಅದು ವರ್ಷಗಳಲ್ಲಿ ಇಳಿಯಿತು. ನನಗೆ ಅಂಕಿಗಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು. ಸೋಂಕಿದ್ದವಳನ್ನು ಅವರು ಕೈಬಿಡಲಿಲ್ಲ. ಸರಕಾರಿ ಆಸ್ಪತ್ರೆಗೆ ಒಬ್ಬಳೇ ಹೋದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು, ಅದಕ್ಕೇ ಜೊತೆಗೆ ಇನ್ನೊಬ್ಬಳು ಹೋಗುತ್ತಿದ್ದಳು. ಚೀಟಿ ಮಾಡಿಸಲು, ಸಾಲಿನಲ್ಲಿ ನಿಲ್ಲಲು, "ಇವಳನ್ನು ಯಾಕೆ ನೋಡುತ್ತಿಲ್ಲ" ಎಂದು ಕೇಳಲು. ವಿಶ್ವಬ್ಯಾಂಕಿನ ಒಂದು ಪ್ರಶಸ್ತಿಯ ಹಣದಿಂದ 2008ರ ಹೊತ್ತಿಗೆ ಆಶೋದಯ ಹೆಸರಿನಲ್ಲಿ ಹೋಟೆಲನ್ನೇ ತೆರೆದರು. ಮುಟ್ಟಿದರೆ ಅಂಟುತ್ತದೆ ಎಂದು ಜನ ಹೆದರುತ್ತಿದ್ದ ಕಾಲದಲ್ಲಿ ಅವರು ಬಡಿಸಿದ ಊಟವನ್ನು ಜನ ದುಡ್ಡು ಕೊಟ್ಟು ಉಂಡರು. ನೂರು ಭಿತ್ತಿಪತ್ರಗಳ ಕೆಲಸವನ್ನು ಒಂದು ಊಟ ಮಾಡಿರಬೇಕು. ಮುಂದೆ 2016ರಿಂದ ಎರಡು ವರ್ಷ, ಸೋಂಕಿಲ್ಲದವರು ದಿನಾ ಒಂದು ಗುಳಿಗೆ ತೆಗೆದುಕೊಂಡು ಸೋಂಕು ಬಾರದಂತೆ ತಡೆಯುವ ಪ್ರೆಪ್ ಎಂಬ ವಿಧಾನವನ್ನು ದೇಶದಲ್ಲಿ ಪ್ರಯೋಗ ಮಾಡಿ ನೋಡಿದ್ದೂ ಆಶೋದಯ ಮತ್ತು ದುರ್ಬಾರ್ ಸಂಘಟನೆಗಳೇ. ಎರಡೂ ಕಡೆ ಸೇರಿ 1,300ಕ್ಕೂ ಹೆಚ್ಚು ಹೆಂಗಸರು, ಆ ಅವಧಿಯಲ್ಲಿ ಒಬ್ಬರಿಗೂ ಹೊಸ ಸೋಂಕಿಲ್ಲ.

ಇಂಥ ಕೆಲಸಕ್ಕೆ ಅಂಕ ಕೊಟ್ಟದ್ದು ಹೇಗೆ ಎನ್ನುವುದನ್ನೂ ಹೇಳಬೇಕು. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, 2003ರಿಂದ 2008ರವರೆಗೆ ಆವಾಹನ್ ಯೋಜನೆಯಿಂದ ಸುಮಾರು 1 ಲಕ್ಷ ಸೋಂಕುಗಳು ತಪ್ಪಿದವು ಎಂದು ಅಂದಾಜು ಮಾಡಿತು. ದೊಡ್ಡ ಸಾಧನೆ, ಸಂಶಯವಿಲ್ಲ. ಆ ಲೆಕ್ಕ ಸಾಮಾನ್ಯ ಜನರಲ್ಲಿ ತಪ್ಪಿದ ಸೋಂಕಿನದು, ಗರ್ಭಿಣಿಯರ ತಪಾಸಣೆಯ ಅಂಕಿಗಳನ್ನು ಇಟ್ಟುಕೊಂಡು ಮಾಡಿದ್ದು. ಓಣಿ ಓಣಿ ಸುತ್ತಿದವರು ಈ ಹೆಂಗಸರು. ಯಶಸ್ಸನ್ನು ಅಳೆದದ್ದು ಸೇತುವೆಯ ಈ ದಡದಲ್ಲಿ.

ಇವತ್ತು ಎಆರ್‌ಟಿ ಜಿಲ್ಲೆಗಳಲ್ಲಿ ಸಿಗುತ್ತದೆ. 2017ರಿಂದ ಸೋಂಕು ಗೊತ್ತಾದ ಕೂಡಲೇ ಚಿಕಿತ್ಸೆ ಶುರು. ಅದೇ ವರ್ಷದ ಎಚ್‌ಐವಿ ಕಾಯಿದೆ, ಸೋಂಕಿದೆ ಎಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ನಿರಾಕರಿಸುವುದನ್ನು ನಿಷೇಧಿಸಿತು. ಲೈಂಗಿಕ ವೃತ್ತಿಯವರಲ್ಲಿ ಸೋಂಕು ಈಗ ನೂರಕ್ಕೆ ಇಬ್ಬರ ಆಸುಪಾಸಿಗೆ ಇಳಿದಿದೆ. ಆದರೂ ಅದು ದೇಶದ ವಯಸ್ಕರ ಸರಾಸರಿಯ ಸುಮಾರು ಹತ್ತು ಪಟ್ಟು.

2020ರ ಲಾಕ್‌ಡೌನ್ ಬಂದಾಗ ಈ ಹಳೆಯ ಪಟ್ಟಿಗಳಿಗೆ ಯಾರೂ ಊಹಿಸದ ಉಪಯೋಗ ಒದಗಿತು. ಓಣಿಗಳು ಮುಚ್ಚಿದವು, ದುಡಿಮೆ ನಿಂತಿತು. ರೇಷನ್ ಕೊಡಲು ಕಾರ್ಡ್ ಬೇಕು, ಕಾರ್ಡಿಗೆ ವಿಳಾಸದ ದಾಖಲೆ ಬೇಕು, ಕೋಠಿಯ ವಿಳಾಸಕ್ಕೆ ದಾಖಲೆ ಯಾರು ಕೊಡುತ್ತಾರೆ? ಕಲ್ಕತ್ತಾದಲ್ಲಿ 1999ರಲ್ಲಿ ನಡೆದ ಒಬ್ಬ ಲೈಂಗಿಕ ವೃತ್ತಿಯ ಹೆಂಗಸಿನ ಕೊಲೆಯಿಂದ ಹುಟ್ಟಿದ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಕೋರ್ಟು, ನ್ಯಾಕೋ ಗುರುತಿಸಿದ ಲೈಂಗಿಕ ವೃತ್ತಿಯವರಿಗೆ ಗುರುತಿನ ದಾಖಲೆ ಕೇಳದೆ ರೇಷನ್ ಕೊಡಿ ಎಂದಿತು. ಮುಂದೆ ಆಧಾರ್, ಮತದಾರರ ಚೀಟಿಗೂ ಆ ಪಟ್ಟಿ ಆಧಾರವಾಯಿತು. ಉಳಿದವರನ್ನು ಅವರಿಂದ ಕಾಯಲು ಮಾಡಿದ ಪಟ್ಟಿ, ಅವರೂ ಈ ದೇಶದವರೇ ಎಂದು ಹೇಳುವ ಕಾಗದವಾಯಿತು.

ಆ ವರ್ಷ ಪುಣೆಯ ನಮ್ಮ ಕೆಲವು ಕನ್ನಡ ಗೆಳೆಯರು ಸೇರಿ ಹಿಟ್ಟು, ಬೇಳೆ, ಎಣ್ಣೆಯ ಕಿಟ್ ಹಂಚಿದೆವು. ಬುಧವಾರ ಪೇಟೆಗೆ ಹೋಗುವವರು ಯಾರು ಎಂದಾಗ ನಾನು ಹೋಗುತ್ತೇನೆ ಎಂದೆ. ಅಲ್ಲಿ ಕೆಲಸ ಮಾಡುವ ಸಂಸ್ಥೆಯವರು ಕೊಟ್ಟ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಹಾಕಿ, ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಹದಿನೆಂಟು ವರ್ಷಗಳ ಮೇಲೆ ಆ ಓಣಿಯಲ್ಲಿ ಮೊದಲ ಸಲ ನಿಧಾನ ನಡೆದೆ. ಅರವತ್ತರ ಹತ್ತಿರದ ಒಬ್ಬರು ಬಾಗಿಲಲ್ಲಿ ಕೂತಿದ್ದರು. ನಾನು ಜೊತೆಯವನಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಕೇಳಿ ತಲೆ ಎತ್ತಿದರು.

"ಯಾವೂರಾಂವ ತಮ್ಮಾ?"

ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನ್ನ ಹೆಸರ ಐತೇನ ಅದರಾಗ ನೋಡು," ಎಂದರು.

ಇರಲಿಲ್ಲ. ಪಟ್ಟಿಯಲ್ಲಿದ್ದದ್ದು ಈಗ ವೃತ್ತಿಯಲ್ಲಿರುವವರ ಹೆಸರು. ಅವರು ಬಿಟ್ಟು ಹತ್ತು ವರ್ಷವಾಗಿತ್ತಂತೆ. ಈಗ ಅದೇ ಮನೆಯಲ್ಲಿ ಅಡುಗೆ ಮಾಡಿ, ಕಸ ಗುಡಿಸಿ ಇದ್ದಾರೆ.

"ಮೊದಲ ವಾರಕ್ಕೊಮ್ಮೆ ಬಂದು ಕೇಳತಿದ್ರು. ರಕ್ತ ಒಯ್ಯತಿದ್ರು. ಈಗ ಬಿಪಿ ಐತಿ, ಮೊಣಕಾಲ ಹಿಡದಾವು, ಯಾರೂ ಕೇಳಂಗಿಲ್ಲ. ನನ್ನಿಂದ ಯಾರಿಗೂ ಏನೂ ಹತ್ತಂಗಿಲ್ಲಲ್ಲ ಈಗ," ಎಂದು ನಕ್ಕರು.

ನಾನು ಕಿಟ್ ಕೊಟ್ಟು, ಪಟ್ಟಿಯ ಕೊನೆಯ ಸಾಲಿನ ಕೆಳಗೆ ಪೆನ್ನಿನಲ್ಲಿ ಅವರ ಹೆಸರು ಬರೆದುಕೊಂಡೆ. ಮುಂದಿನ ಕಾಲಮ್ಮಿಗೆ ಬಂದು, "ಊರು ಯಾವುದ್ರಿ ಅಕ್ಕಾರ?" ಎಂದೆ.

"ಊರ ಬರೀಬ್ಯಾಡ ತಮ್ಮಾ," ಎಂದರು.